ಮಲ್ಲಿಗೆ ಸಾಲಿನ ಕೂಗು

ಸಂಗೀತಾ ಫೋನಿನಲ್ಲಿ ಅಳಲಿಲ್ಲ. ಹಡಗಲಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದವಳು. ಇಂಥ ಸುದ್ದಿಯನ್ನು ಎಷ್ಟು ಮನೆಯವರಿಗೆ ಮುಟ್ಟಿಸಿದ್ದಳೋ. ಅದೇ ಅಭ್ಯಾಸದ ದನಿಯಲ್ಲಿ, “ಮಾವಾ, ನಿಂತೀರೋ ಕುಂತೀರೋ? ಮೊದಲು ಕುಂದರ್ರಿ,” ಎಂದಳು.

ಜಂಬಯ್ಯ ಕೂತೇ ಇದ್ದ. ಹರಪನಹಳ್ಳಿಯ ತನ್ನ ಮನೆಯ ಕಟ್ಟೆಯ ಮೇಲೆ ಚರ್ಚಿನ ಹಾಡಿನ ಪುಸ್ತಕಗಳನ್ನು ಹರವಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಮೈದಾ ಅಂಟು ಸವರಿ ಅವಕ್ಕೆ ಹೊದಿಕೆ ಹಾಕುತ್ತಿದ್ದ. ಚರ್ಚಿನ ಪರವಾಗಿ ಊರೂರು ತಿರುಗಿ ಧರ್ಮಪಾಠ ಹೇಳುವ ಉಪದೇಶಿ ಕೆಲಸ ಬಿಟ್ಟು ಏಳು ವರ್ಷವಾಗಿದ್ದರೂ ಇಂಥ ಕೆಲಸ ಅವನನ್ನು ಹುಡುಕಿಕೊಂಡು ಬರುತ್ತಿತ್ತು. ಬಾರದಿದ್ದರೆ ಅವನೇ ಹೋಗಿ ತರುತ್ತಿದ್ದ.

“ಕುಂತೀನವ್ವ. ಹೇಳು.”

“ಅವ್ವ ಹೋದಳ್ರಿ ಮಾವಾ. ಮುಂಜಾನಿ ತೋಟದಾಗ ಹೂ ಬಿಡಿಸಾಕತ್ತಿದ್ದಳು. ಬದುವಿನ ಮ್ಯಾಲೆ ಕುಂತಾಳ, ಕುಂತಲ್ಲೇ ಹೋಗ್ಯಾಳ. ನಾನು ಹೋಗಿ ನೋಡೋದ್ರಾಗ ಏನೂ ಉಳಿದಿರಲಿಲ್ಲ.”

ಪಕ್ಕೀರಮ್ಮ ಅವನ ಒಬ್ಬಳೇ ತಂಗಿ. ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳು ತನ್ನನ್ನು ಮಣ್ಣು ಮಾಡುತ್ತಾಳೆಂದು ಅವನು ಎಣಿಸಿದ್ದನೇ ಹೊರತು, ತಾನು ಅವಳನ್ನು ಮಣ್ಣು ಮಾಡುವ ದಿನ ಬರುತ್ತದೆಂದು ಎಂದೂ ನೆನೆದಿರಲಿಲ್ಲ. ಅಂಟು ಹತ್ತಿದ ಬೆರಳು ಫೋನಿಗೆ ಹಿಡಿದುಕೊಂಡಿತ್ತು.

“ಹತ್ತಿರ ಯಾರಿದ್ದರು?”

“ಯಾರೂ ಇರಲಿಲ್ಲಂತ್ರಿ. ಎರ್ರಮ್ಮತ್ತಿ ನಾಕು ಸಾಲು ಆಚಿಗೆ ಇದ್ದಳಂತ.”

“ಕಡೀಕ ಏನಾರ ಅಂದಳೇನು?”

“ಎರ್ರಮ್ಮತ್ತೀನ ಕೇಳಬೇಕ್ರಿ. ಅಕಿ ಅಳೋದು ಬಿಟ್ಟು ಏನೂ ಹೇಳವಲ್ಲಳು. ಫಾದರ್ ಬಳ್ಳಾರಿಗೆ ಹೋಗ್ಯಾರ. ನಾಳಿದ್ದು ಬರೋದು. ಈ ಬಿಸಲಾಗ ಅಲ್ಲೀತನ ಇಟ್ಟುಕೊಳ್ಳಾಕ ಆಗಲ್ಲ. ಸಂಜಿ ಒಳಗ ಮಣ್ಣು ಆಗಬೇಕು. ಪ್ರಾರ್ಥನಿ ನೀವೇ ಮಾಡಬೇಕ್ರಿ ಮಾವಾ.”

“ಬರ್ತೀನಿ,” ಎಂದ ಜಂಬಯ್ಯ. ಪ್ರಾರ್ಥನೆ ಮಾಡುತ್ತೇನೆ ಎನ್ನಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಚದುರಿಹೋದ ಕ್ರೈಸ್ತ ಮನೆಗಳನ್ನು ನಲವತ್ತು ವರ್ಷ ಸೈಕಲ್ಲಿನಲ್ಲಿ, ಬಸ್ಸಿನಲ್ಲಿ ಸುತ್ತಿದವನು ಅವನು. ಫಾದರುಗಳು ಬಂದರು, ವರ್ಗವಾಗಿ ಹೋದರು, ಉಪದೇಶಿ ಉಳಿದ. ಎಷ್ಟೋ ಜನರ ತಲೆದೆಸೆಯಲ್ಲಿ ನಿಂತು ಅವನು ಪ್ರಾರ್ಥಿಸಿದ್ದ. ಕೂಸು ಕಳೆದುಕೊಂಡ ತಾಯಿಯ ಎದುರು ಸಹ ಅವನ ನಾಲಿಗೆ ತಡವರಿಸಿದ್ದಿಲ್ಲ. ಆದರೆ ಇವತ್ತು ಹಡಗಲಿಯ ಬಸ್ಸು ಹತ್ತಿ ಕಿಟಕಿಯ ಬದಿಗೆ ಕೂತು, “ಕರ್ತನೇ” ಎಂದು ಮನಸ್ಸಿನಲ್ಲೇ ಶುರುಮಾಡಿದರೆ ಮುಂದಿನ ಮಾತು ಹೊರಡಲಿಲ್ಲ. ಏಕೆಂದು ಅವನಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ, ಮೂವತ್ತು ವರ್ಷ ದೇವರನ್ನು ಕರೆಯುತ್ತಿದ್ದ ತಂಗಿಯ ಬಾಯನ್ನು ಅವನೇ ಮುಚ್ಚಿಸಿದ್ದ. ಮುಚ್ಚಿದ ಬಾಯಲ್ಲೇ ಅವಳು ಹೋಗಿಬಿಟ್ಟಳೇ? ಒಬ್ಬಳೇ, ಒಂದು ಮಾತೂ ಆಡದೆ? ಹಾಗಾಗಿದ್ದರೆ ಅವಳ ಕುಣಿಯ ಮುಂದೆ ನಿಂತು ಪ್ರಾರ್ಥಿಸಲು ತನಗೆ ಯಾವ ಬಾಯಿದೆ?

ಹಡಗಲಿಯ ಮಲ್ಲಿಗೆಯನ್ನು ಮೊಗ್ಗು ಬಿರಿಯುವ ಮೊದಲೇ ಬಿಡಿಸಬೇಕು. ಇನ್ನೂ ಬೆಳಕು ಸರಿಯಾಗಿ ಹರಿಯದ ಹೊತ್ತಿಗೆ ಹೆಂಗಸರು ಸೆರಗನ್ನು ಉಡಿ ಕಟ್ಟಿಕೊಂಡು ತಲೆಗೊಂದು ಸಾಲು ಹಿಡಿಯುತ್ತಾರೆ. ಬಗ್ಗಿದರೆ ಗಿಡದ ಮರೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಬುಡದಲ್ಲಿ ಹಾವು ಚೇಳಿನ ಅಂಜಿಕೆ ಬೇರೆ. ಅದಕ್ಕಾಗಿ ಆ ತೋಟದಲ್ಲಿ ಒಂದು ಪದ್ಧತಿ ಇತ್ತು. ನಡುನಡುವೆ ಒಬ್ಬಳು ತನ್ನ ಸಾಲಿನಿಂದ “ಅದೀಯೇನಬೇ?” ಎಂದು, ಇದ್ದೀಯಾ ಎಂದು, ಕೂಗಬೇಕು. ಇನ್ನೊಬ್ಬಳು “ಅದೀನಿ” ಎನ್ನಬೇಕು. ಉತ್ತರ ಬಾರದಿದ್ದರೆ ಕೈಯ ಕೆಲಸ ಚೆಲ್ಲಿ ಓಡಬೇಕು.

ಪಕ್ಕೀರಮ್ಮ ಗಂಡ ಸತ್ತ ವರ್ಷ ಆ ತೋಟಕ್ಕೆ ಹೋದಳು. ಎಳೆಗೂಸು ಸಂಗೀತಾಳನ್ನು ಬದುವಿನ ಮೇಲೆ ಮಲಗಿಸಿ ದುಡಿಯುತ್ತಿದ್ದಳು. ಗೆಳತಿ ಎರ್ರಮ್ಮನನ್ನು ಕೂಗಿದ ಬಾಯಲ್ಲೇ ಅವಳು ದೇವರನ್ನೂ ಕೂಗತೊಡಗಿದ್ದು ಆಗಲೇ. “ಯಪ್ಪಾ, ಅದೀಯೇನಪ್ಪಾ?” ತೋಟದಲ್ಲಿ ಹುಟ್ಟಿದ ಅಭ್ಯಾಸ ಮನೆಗೂ ಬಂತು. ರೊಟ್ಟಿ ಹಂಚಿಗೆ ಹಾಕುವಾಗ ಒಮ್ಮೆ, ನಳದ ಬಾಯಿಗೆ ಕೊಡ ಇಡುವಾಗ ಒಮ್ಮೆ, ಸಂಗೀತಾಳ ತಲೆ ಬಾಚುವಾಗ ಒಮ್ಮೆ. ಅಷ್ಟಕ್ಕೇ ಬಿಡುತ್ತಿರಲಿಲ್ಲ, “ಸಾರಿಗೆ ಎರಡು ಸಲ ಉಪ್ಪು ಹಾಕೀನಿ, ನೋಡಿಕೊಂತ ಸುಮ್ಮನ ಕುಂತೀಯಲ್ಲ,” ಎಂದು ದೇವರನ್ನೇ ಗದರಿಸುತ್ತಿದ್ದಳು.

ಒಮ್ಮೆ ಬಸ್ಸಿನಲ್ಲಿ ಹೀಗೇ ಗುನುಗುತ್ತಿದ್ದಾಗ ಕಂಡಕ್ಟರ್ ಕೇಳಿದನಂತೆ: “ಯಾರ ಜೊತಿ ಮಾತಾಡ್ತೀಬೇ ಯಮ್ಮಾ?”

“ನಮ್ಮಪ್ಪನ ಜೊತಿ. ಬಾಜೂಕ ಕುಂತಾನ.”

“ಫ್ರೀ ಇರೋದು ಹೆಂಗಸರಿಗಷ್ಟ. ನಿಮ್ಮಪ್ಪಗ ಟಿಕೀಟು ತಗಿಬೇಕು ನೋಡು.”

“ಅಂವ ನಿನಗ ಕಾಣ್ತಾನೇನು?”

“ಇಲ್ಲ.”

“ಕಾಣಲಾರದಾವಗ ಎಂಥಾ ಟಿಕೀಟೋ ನಿಂದು! ಮುಂದ ನಡಿ.”

ಬಸ್ಸೆಲ್ಲ ನಕ್ಕಿತಂತೆ. ಆ ಕತೆ ಹರಪನಹಳ್ಳಿಯವರೆಗೂ ಬಂದಾಗ ಜಂಬಯ್ಯ ನಗಲಿಲ್ಲ. ದೇವರ ಮಾತನ್ನು ಬಸ್ಸಿನ ಚೇಷ್ಟೆ ಮಾಡಿದಳಲ್ಲ ಎಂದು ಅವನ ಮೋರೆ ಸಣ್ಣದಾಯಿತು. ಅವನು ಪ್ರಾರ್ಥನೆಗೆ ಮೊದಲು ಕೈಕಾಲು ತೊಳೆಯುವವನು, ಅಂಗಿಯ ಗುಂಡಿ ಹಾಕಿಕೊಳ್ಳುವವನು, ದೇವರಿಗೆ ‘ತಾವು’ ಎನ್ನುವವನು. ದೇವರು ಎಲ್ಲಿದ್ದಾನೆ ಎಂದು ಮಕ್ಕಳನ್ನು ಕೇಳಿ, ಎಲ್ಲೆಲ್ಲಿಯೂ ಇದ್ದಾನೆ ಎಂಬ ಉತ್ತರವನ್ನು ಅವನು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ. ಆ ಮಕ್ಕಳಲ್ಲಿ ಮೊದಲನೆಯವಳೇ ಪಕ್ಕೀರಮ್ಮ. ಉಳಿದವರು ಉತ್ತರ ಹೇಳಿ ಬಹುಮಾನ ತೆಗೆದುಕೊಂಡು ಹೋದರು. ಅವಳು ಅದನ್ನು ನಂಬಿಬಿಟ್ಟಳು.

ಎರಡು ತಿಂಗಳ ಹಿಂದೆ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಒಂದು ಶುಕ್ರವಾರ, ಫಾದರ್ ಕರೆದಿದ್ದಕ್ಕೆ ಅವನು ಹಡಗಲಿಯ ಪುಟ್ಟ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ನಡೆಸುತ್ತಿದ್ದ. ಯೇಸುವಿನ ಪಾಡಿನ ಹದಿನಾಲ್ಕು ಚಿತ್ರಗಳ ಮುಂದೆ ಒಂದೊಂದಾಗಿ ನಿಂತು ಧ್ಯಾನಿಸುವ ಪ್ರಾರ್ಥನೆ ಅದು. ಹನ್ನೆರಡನೆಯದು ಪ್ರಾಣ ಬಿಡುವ ಚಿತ್ರ. ಅಲ್ಲಿಗೆ ಬಂದಾಗ ಎಲ್ಲರೂ ಮೊಣಕಾಲೂರಿ ಮೌನವಾಗಿರಬೇಕು. ಆ ದಿನ ಜಂಬಯ್ಯ ಮೌನವನ್ನು ತುಸು ಉದ್ದ ಮಾಡಿದ. ಫ್ಯಾನು ಸಹ ನಿಂತಿತ್ತು. ನಸುಕಿನಿಂದ ದುಡಿದು ಬಂದಿದ್ದ ಪಕ್ಕೀರಮ್ಮ ಚಿತ್ರವನ್ನೇ ನೋಡುತ್ತ ಕೂತಿದ್ದವಳು, ಆ ಮೌನದೊಳಗಿಂದ ಗಟ್ಟಿಯಾಗಿ ಕೂಗಿದಳು: “ಯಪ್ಪಾ, ಅದೀಯೇನಪ್ಪಾ?”

ಹಿಂದಿನ ಸಾಲಿನ ಹುಡುಗಿಯರು ಸೆರಗು, ದುಪ್ಪಟ್ಟಾ ಬಾಯಿಗೆ ತುರುಕಿಕೊಂಡರು. ಒಬ್ಬ ಮುದುಕ ಬಹಿರಂಗವಾಗಿಯೇ ನಕ್ಕ. ಜಂಬಯ್ಯನಿಗೆ ತಲೆಗೆ ರಕ್ತ ಏರಿತು.

“ಪಕ್ಕೀರವ್ವ! ಇದು ಮಲ್ಲಿಗಿ ತೋಟ ಅಲ್ಲ. ದೇವರು ನಿನ್ನ ಆಜುಬಾಜಿನ ಸಾಲಿನ ಕೂಲಿಯಾಳಲ್ಲ. ನೀನು ಕೂಗಿದಾಗೆಲ್ಲ ಅಂವ ಬಂದು ಹಾಜರಿ ಹೇಳಬೇಕೇನು? ಇಷ್ಟು ವಯಸ್ಸಾತು, ಬಾಯಿ ಮುಚ್ಚಿಕೊಂಡಿರೋದು ಕಲಿ.”

ಅವಳು ಅತ್ತಿತ್ತ ನೋಡಿ, ತಾನು ಎಲ್ಲಿದ್ದೇನೆಂದು ಆಗ ತಿಳಿದವಳ ಹಾಗೆ, “ಆತಣ್ಣ,” ಎಂದಳು.

ಅಲ್ಲಿಂದ ಮುಂದೆ ಅವಳು ಚರ್ಚಿನಲ್ಲಿ ಪುಸ್ತಕದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅವನಿಗೆ ಮೊದಮೊದಲು ಸಮಾಧಾನವೇ ಆಯಿತು. ಪಾಸ್ಕ, ಅಂದರೆ ಈಸ್ಟರ್ ಹಬ್ಬದ ದಿನ ಅವಳು ಕರಿಗಡುಬಿನ ಡಬ್ಬಿ ಅವನ ಕೈಗೆ ಕೊಟ್ಟು, “ಅಣ್ಣ, ನಿನಗ ಒಂದು ಮಾತು ಹೇಳೋದೈತಿ,” ಎಂದಿದ್ದಳು. ಸುತ್ತ ಜನ ನಿಂತಿದ್ದರು. “ನಿಧಾನಕ್ಕ ಹೇಳುವಿಯಂತ ತಗಾ,” ಎಂದು ಅವನು ಫಾದರ್ ಕಡೆ ನಡೆದಿದ್ದ.

ಬಸ್ಸು ಹಡಗಲಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಪಕ್ಕೀರಮ್ಮನನ್ನು ಚಾಪೆಯ ಮೇಲೆ ಮಲಗಿಸಿ, ಕೈಗೆ ಜಪಸರ ಸುತ್ತಿದ್ದರು. ಬೆರಳ ತುದಿಗಳು ಮೊಗ್ಗಿನ ತೊಟ್ಟಿನ ರಸಕ್ಕೆ ಕಂದಿಹೋಗಿದ್ದವು. ತೊಳೆದರೂ ಆ ಕಲೆ ಬಿಟ್ಟಿರಲಿಲ್ಲ. ಸಂಗೀತಾ ಮಾವನ ಕೈ ಹಿಡಿದು ಒಳಗೆ ಕರೆತಂದಳು.

“ನಾಡಿ ಹಿಡಿದು ನೋಡಿದೆ ಮಾವಾ. ಕಣ್ಣಿಗೆ ಟಾರ್ಚ್ ಬಿಟ್ಟೆ. ಎಲ್ಲಾ ಪೇಶಂಟಿಗೆ ಮಾಡಿದಂಗ ಮಾಡಿದೆ,” ಎಂದಳು. “ಇನ್ನೂ ಅಳು ಬಂದಿಲ್ಲ. ನಾನೇನು ಕಲ್ಲೇನ್ರಿ?”

“ಬರ್ತೈತಿ ತಾಯಿ. ಅದಕ್ಕೂ ಒಂದು ಹೊತ್ತು ಐತಿ,” ಎಂದ ಅವನು. ಎಷ್ಟೋ ಮನೆಗಳಲ್ಲಿ ಹೇಳಿದ್ದ ಮಾತೇ.

ತೋಟದ ಯಜಮಾನ ವೀರಭದ್ರಯ್ಯ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಅವನ ಕೈಯಲ್ಲಿ ಒದ್ದೆ ಬಟ್ಟೆಯ ಗಂಟು.

“ಉಪದೇಶಿಗಳ, ನಿಮ್ಮಾಗ ಹೂ ಏರಿಸ್ತೀರೋ ಇಲ್ಲೋ ನನಗ ಗೊತ್ತಿಲ್ಲ. ಇವು ಅಕಿ ಉಡಿಯಾಗ ಇದ್ದುವು. ಮೈಲಾರಕ್ಕ ಹೋಗಬೇಕಿದ್ದ ಮೊಗ್ಗು. ಇನ್ನ ಇವು ಗುಡಿಗೆ ಆಗಲ್ಲ ಅಂದರು ಮನಿಯಾಗ. ಪ್ಯಾಟಿಗೆ ಕಳಸಾಕ ನನಗ ಮನಸಾಗಲಿಲ್ಲ. ಮೂವತ್ತು ವರ್ಷ ಆ ಸಾಲು ಅಕೀದ ಇತ್ತು.”

“ಏರಿಸ್ತೀವ್ರಿ ಯಜಮಾನ್ರ. ಕೊಡ್ರಿ,” ಎಂದು ಜಂಬಯ್ಯ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಹಿತ್ತಲ ಬೇವಿನ ನೆರಳಲ್ಲಿ ಎರ್ರಮ್ಮ ಕೂತಿದ್ದಾಳೆ, ಕಟ್ಟಿಕೊಡುತ್ತಾಳೆ ಎಂದು ಯಾರೋ ಹೇಳಿದರು.

ಎರ್ರಮ್ಮನ ಹಣೆಯ ಮೇಲೆ ಮೈಲಾರಲಿಂಗನ ಭಂಡಾರದ ಅರಿಶಿನ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಗಂಟು ನೋಡಿದ್ದೇ ಏನನ್ನೂ ಕೇಳದೆ ದಾರ ಹುಡುಕಿ, ಕಾಲ್ಬೆರಳಿಗೆ ಸಿಕ್ಕಿಸಿ ಕಟ್ಟತೊಡಗಿದಳು. ಕೈಗೆ ಕೆಲಸ ಸಿಕ್ಕ ಮೇಲೆ ಅವಳ ಬಿಕ್ಕು ತುಸು ನಿಂತಿತು. ಜಂಬಯ್ಯ ಕಲ್ಲಿನ ಮೇಲೆ ಕೂತ.

“ಎರ್ರಮ್ಮ, ನನ್ನ ತಂಗಿ ಕಡೀಕ ಏನಂದಳು? ಇದ್ದದ್ದು ಇದ್ದಂಗ ಹೇಳು.”

“ಹೇಳ್ತೀನಿ ಅಣ್ಣಾರ. ಆದರ ಮೊದಲು ಒಂದು ಮಾತು. ನಿಮ್ಮ ಮ್ಯಾಲೆ ನನಗ ಭಾಳ ಸಿಟ್ಟಿತ್ತು.”

“ಇರಬೇಕಾದ್ದ. ಹೇಳು.”

“ಅವತ್ತು ನಿಮ್ಮ ಚರ್ಚಿನಿಂದ ಬಂದಾಕಿ ಮೂರು ದಿನ ಬಾಯಿ ಬಿಡಲಿಲ್ಲ. ನಾನು ಕೂಗಿದ್ರ ಹೂಂ ಅನ್ನಾಕಿ, ಅಷ್ಟ. ‘ಯಾಕಬೇ, ನಿಮ್ಮ ದೇವರು ಮುನಿಸಿಕೊಂಡಾನೇನು?’ ಅಂದೆ. ‘ದೇವರಲ್ಲ, ನಮ್ಮಣ್ಣ’ ಅಂದಳು.”

ಜಂಬಯ್ಯ ತಲೆ ತಗ್ಗಿಸಿದ. ಎರ್ರಮ್ಮ ನಾಲ್ಕು ಮೊಗ್ಗು ಜೋಡಿಸಿ ಗಂಟು ಬಿಗಿದಳು.

“ನಾಕನೇ ದಿನ ಬಗ್ಗಿ ಬಿಡಿಸಾಕತ್ತೀವಿ. ನಾ ಕೂಗಿಲ್ಲ, ಯಾರೂ ಕೂಗಿಲ್ಲ. ಇಕಿ ಒಮ್ಮಿಂದೊಮ್ಮಿಗೆ ‘ಅದೀನಿ’ ಅಂದಳು. ‘ನಿನ್ನ ಯಾರು ಕರೆದರಲೇ, ಕಿವಿಗೆ ಏನಾತು?’ ಅಂತ ನಾನು. ಇಕಿ ಗಿಡದಾಗಿಂದ ಎದ್ದು ನಿಂತು ನಗಾಕತ್ತಿದಳು. ಏನಂದಳು ಗೊತ್ತೇನ್ರಿ? ‘ಎರ್ರವ್ವ, ಮೂವತ್ತು ವರ್ಷ ನಾನ ಕೂಗಿದೆ. ಅಂವಗ ಬಾಯಿ ತೆರಿಯಾಕ ಬಿಡಲಿಲ್ಲ. ನಾ ಸುಮ್ಮನಾದ ಮ್ಯಾಲೆ ಗೊತ್ತಾತು ನೋಡು. ಅಂವನೂ ಕೂಗ್ತಾನ. ಅದೀಯೇನಬೇ ಪಕ್ಕೀರಿ ಅಂತ ಅಂವನೂ ಕೇಳ್ತಾನ.’”

“ಕಿವಿಯಿಂದ ಕೇಳಿದಳಂತೇನು?”

“ನಾನೂ ಹಂಗ ಕೇಳಿದೆ. ‘ಹುಚ್ಚಿ, ಕಿವೀಲೆ ಅಲ್ಲ. ಕೂಸು ಕಣ್ಣು ಮುಚ್ಚಿಕೊಂಡಿದ್ದರೂ ಅವ್ವ ಎದ್ದು ಹೋದರ ಅದಕ್ಕ ಗೊತ್ತಾಕ್ಕೈತಲ್ಲ, ಹಂಗ’ ಅಂದಳು. ಅವತ್ತಿನಿಂದ ದಿನಾ ಇದ. ಬಿಡಿಸ್ತಾ ಬಿಡಿಸ್ತಾ ‘ಅದೀನಪ್ಪಾ’ ಅನ್ನಾಕಿ. ಮೊದಲಿನಂಗ ಗದರಿಸೋದು, ಉಪ್ಪು ಖಾರ ಹೇಳೋದು ಕಡಿಮಿ ಆತು. ‘ಅಣ್ಣಗ ಹೇಳಬೇಕು, ಅಂವ ಬೈದಿದ್ದಕ್ಕ ಇದು ತಿಳೀತು’ ಅಂತ ಹಬ್ಬದ ದಿನ ಹೇಳಾಕ ಹೋಗಿದ್ದಳು. ನಿಮಗ ಪುರಸೊತ್ತು ಇರಲಿಲ್ಲಂತ.”

ಜಂಬಯ್ಯನಿಗೆ ಕಲ್ಲಿನ ಮೇಲೆ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಬೈದಿದ್ದನ್ನು ಅವಳು ಹೀಗೆ ಒಳಿತಾಗಿ ತಿರುಗಿಸಿಕೊಂಡಿದ್ದಳು. ಅದರಿಂದ ಬೈದವನ ತಪ್ಪು ಸಣ್ಣದಾಗಲಿಲ್ಲ. ನಿಂತು ಕೇಳಲು ಅವನಿಗೆ ಎರಡು ನಿಮಿಷ ಸಾಕಿತ್ತು.

“ಇವತ್ತು?” ಎಂದ.

ಎರ್ರಮ್ಮನ ಕೈ ನಿಂತಿತು.

“ಇವತ್ತು ಒಮ್ಮಿ ನಾ ಕೂಗಿದೆ, ‘ಅದೀನಿ’ ಅಂದಳು. ಸ್ವಲ್ಪ ಹೊತ್ತಿಗೆ ಮತ್ತ ‘ಅದೀನಿ’ ಅಂದಳು. ನಾ ಕೂಗಿರಲಿಲ್ಲ್ರಿ ಅಣ್ಣಾರ. ಯಾವಾಗಿನಂಗ ತಮ್ಮಪ್ಪಗ ಅಂದಿರಬೇಕು ಅಂತ ನಾನು ನನ್ನ ಗಿಡ ನೋಡಿಕೊಂಡೆ. ಆಮ್ಯಾಲೆ ಕೂಗಿದ್ರ ಉತ್ತರ ಇಲ್ಲ. ಓಡಿ ಹೋದೆ. ಬದುವಿನ ಮ್ಯಾಲೆ ಕುಂತಿದ್ದಳು, ಉಡಿಯಾಗಿನ ಒಂದು ಮೊಗ್ಗೂ ಚೆಲ್ಲಿರಲಿಲ್ಲ.” ಅವಳು ಹಣೆ ಹಣೆ ಬಡಿದುಕೊಂಡಳು. “ಎರಡನೇ ಸಲ ಅಂದಾಗ ನಾ ಎದ್ದು ನೋಡಬೇಕಿತ್ತು! ಜೀವ ಹೋಗಾಕತ್ತಿತ್ತು, ನಾ ಹೂ ಬಿಡಿಸಿಕೊಂತ ನಿಂತೆ!”

ಜಂಬಯ್ಯ ಎದ್ದು ಅವಳ ಎರಡೂ ಕೈ ಹಿಡಿದು ನಿಲ್ಲಿಸಿದ. ಹೆರವರ ಮನೆಯ ಹೆಂಗಸಿನ ಕೈಯನ್ನು ಅವನು ಹಾಗೆ ಹಿಡಿದದ್ದು ಅದೇ ಮೊದಲು.

“ಇಲ್ಲವ್ವ. ಕೇಳಿಲ್ಲಿ. ಅದು ನಿನಗ ಹೇಳಿದ ಮಾತಲ್ಲ, ನೀನು ಯಾಕ ಓಡಿ ಬರಬೇಕಿತ್ತು? ಕರೆದಾವಗ ಉತ್ತರ ಕೊಟ್ಟಾಳ. ಕರೆದಾಂವ ಅಲ್ಲೇ ಇದ್ದ. ನನ್ನ ತಂಗಿ ಒಬ್ಬಳೇ ಇರಲಿಲ್ಲ.”

ಹೇಳಿದ ಮೇಲೆ ತಾನು ಏನು ಹೇಳಿದೆನೆಂಬುದು ಅವನಿಗೇ ಕೇಳಿಸಿತು. ಎರ್ರಮ್ಮ ಮೂಗು ಒರೆಸಿಕೊಂಡು ಅವನ ಮುಖ ನೋಡಿದಳು.

“ಖರೇನೇನ್ರಿ ಅಣ್ಣಾರ? ಸಮಾಧಾನಕ್ಕ ಹೇಳ್ತೀರೋ?”

“ಮುಂಜಾನಿ ಕೇಳಿದ್ದರ ಹೇಳಾಕ ಆಗ್ತಿರಲಿಲ್ಲವ್ವ. ಈಗ ಖರೇನ ಹೇಳ್ತೀನಿ. ಕಟ್ಟು, ಮಾಲಿ ಮುಗಿಸು. ಹೊತ್ತಾಗಾಕತ್ತೈತಿ.”

ನಾಲ್ಕು ಗಂಟೆಗೆ ಪಕ್ಕೀರಮ್ಮನನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಎರ್ರಮ್ಮ ಕಟ್ಟಿದ ಮಾಲೆ ಏರಿಸಿ, ಎತ್ತಿದರು. ಊರ ಹೊರಗಿನ ಕ್ರೈಸ್ತರ ಸ್ಮಶಾನಕ್ಕೆ ಅರ್ಧ ಮೈಲಿ ದಾರಿ. ಚರ್ಚಿನವರು ಹಾಡುತ್ತ ನಡೆದರು. ತೋಟದ ಹೆಂಗಸರು ಹಾಡು ಬಾರದಿದ್ದರೂ ಸಾಲು ಬಿಡದೆ ಬಂದರು. ವೀರಭದ್ರಯ್ಯ ಸ್ವಲ್ಪ ದೂರದವರೆಗೆ ಹೆಗಲು ಕೊಟ್ಟ. ಮಂಡಿ ನೋವೆಂದು ಆಮೇಲೆ ಬಿಟ್ಟರೂ ಹಿಂದಿರುಗಲಿಲ್ಲ.

ಕುಣಿಯ ಬಳಿ ಜಂಬಯ್ಯ ಪುಸ್ತಕ ತೆರೆದು ಓದಬೇಕಾದ ಪ್ರಾರ್ಥನೆಗಳನ್ನು ಒಂದೂ ಬಿಡದೆ ಓದಿದ. ಪೆಟ್ಟಿಗೆಯನ್ನು ಇಳಿಸಿದರು. ಮಣ್ಣು ಹಾಕಲು ಸಂಗೀತಾ ಬಗ್ಗಿದವಳು, ಹಿಡಿಮಣ್ಣು ಕೈಯಲ್ಲೇ ಇಟ್ಟುಕೊಂಡು, “ಅವ್ವಾ” ಎಂದು ಅಲ್ಲೇ ಕುಸಿದು ಬಾಯ್ತುಂಬ ಅತ್ತಳು. ಎರ್ರಮ್ಮ ಅವಳನ್ನು ಎದೆಗೆ ಒತ್ತಿಕೊಂಡಳು.

ಜಂಬಯ್ಯ ಪುಸ್ತಕವನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ತಾನೂ ಹಿಡಿಮಣ್ಣು ಹಾಕಿದ್ದರಿಂದ ಅವನ ಕೈಗೆ ಮಣ್ಣು ಹತ್ತಿತ್ತು. ಒರೆಸಿಕೊಳ್ಳಲಿಲ್ಲ. ಹಾಗೇ ನಿಂತು, ಮನೆಯ ಭಾಷೆಯಲ್ಲಿ, ಎದುರಿಗಿದ್ದವನೊಡನೆ ಆಡುವ ದ‌ನಿಯಲ್ಲಿ ಮಾತಾಡಿದ:

“ಯಪ್ಪಾ, ನಾನು ಜಂಬಯ್ಯ. ನಲವತ್ತು ವರ್ಷ ನಿನ್ನ ಬಗ್ಗೆ ಮಂದಿಗೆ ಹೇಳೀನಿ. ನಿನ್ನ ಜೊತಿ ಇಷ್ಟು ಹತ್ತಿರ ನಿಂತು ಮಾತಾಡಿದ್ದು ಕಡಿಮಿ. ಇಕಿ ನನ್ನ ತಂಗಿ. ಇಕಿ ಮಾತು ನಾನು ಕೇಳಲಿಲ್ಲ, ನೀನು ಕೇಳಿದಿ. ನಿನಗ ಶರಣು. ನನ್ನ ತಪ್ಪು ನನ್ನ ತಲಿ ಮ್ಯಾಲೆ ಇರಲಿ, ಇಕಿ ಎದಿ ಮ್ಯಾಲೆ ಅದರ ಭಾರ ಇಡಬ್ಯಾಡ. ಬೆಳಕಿಗಿಂತ ಮೊದಲು ಎದ್ದು ದುಡಿದ ಜೀವ ಇದು. ಕಾಲು ಬಾತರೂ ಹೇಳಲಿಲ್ಲ, ಸೊಂಟ ಬಿದ್ದರೂ ಕುಂದರಲಿಲ್ಲ. ಇವತ್ತು ಕುಂತಾಳ. ಇನ್ನ ನೀನು ಎಬ್ಬಿಸೋತನ ಇಕಿನ ಯಾರೂ ಎಬ್ಬಿಸದಂಗ ನೋಡಿಕೋ. ನಿನ್ನ ಮನಿಯಾಗ ನೆಳ್ಳು ಇರೋ ಕಡಿಗೆ ಜಾಗ ಕೊಡು. ದಣಿದ ಕೈಗೆ ವಿಶ್ರಾಂತಿ ಕೊಡು. ನಮ್ಮ ಪಕ್ಕೀರಮ್ಮನ ಆತ್ಮಕ್ಕ ಶಾಂತಿ ಕೊಡು ತಂದೆ. ಆಮೆನ್.”